ಹಳೇ ಕಂಪ್ಯೂಟರ್ ಗುಜರಿಗೆ ಹೋಗುವ ಮುನ್ನ ಹಾಡು ಇಳಿಸಿಕೊಳ್ಳಿ

ಹೊಸ ಫ್ರಿಜ್ ಮನೆಗೆ ಬಂದರೆ ಏನು ಮಾಡುತ್ತೇವೆ? ಹಳೆಯದರಲ್ಲಿದ್ದ ಹಾಲು, ಮೊಸರು, ಉಪ್ಪಿನಕಾಯಿ ಬಾಟಲಿ, ಬಟ್ಟೆಯಲ್ಲಿ ಸುತ್ತಿಟ್ಟ ಕೊತ್ತಂಬರಿ ಸೊಪ್ಪು ಎಲ್ಲವನ್ನೂ ಹೊಸದಕ್ಕೆ ಸಾಗಿಸಿ, ಆಮೇಲೆ ಹಳೆಯದನ್ನು ಕಳಿಸಿಕೊಡುತ್ತೇವೆ. ಇದನ್ನು ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ. ಆದರೆ ಹೊಸ ಕಂಪ್ಯೂಟರ್ ಬಂದಾಗ ಮಾತ್ರ ಈ ಬುದ್ಧಿ ಎಲ್ಲಿ ಹೋಗುತ್ತೋ! ಯಜಮಾನರು ಬ್ಯಾಂಕು, ಇನ್‌ಕಂ ಟ್ಯಾಕ್ಸಿನ ಕಾಗದಪತ್ರ ಎತ್ತಿಕೊಳ್ಳುತ್ತಾರೆ. ಮಗ ತನ್ನ ಪ್ರಾಜೆಕ್ಟು, ಮಗಳು ಫೋಟೊ ಎತ್ತಿಕೊಳ್ಳುತ್ತಾರೆ. ‘ನನ್ನ ಹಾಡುಗಳು?’ ಎಂದು ನೀವು ಅಡುಗೆಮನೆಯಿಂದ ಕೇಳಿದರೆ, ‘ಅಯ್ಯೋ, ಹಾಡೆಲ್ಲ ಈಗ ಫೋನಲ್ಲೇ ಸಿಗುತ್ತಲ್ಲಮ್ಮ, ಬಿಡು’ ಎಂಬ ಉತ್ತರ ಬರುತ್ತದೆ.

ನಿಜವಾಗಿಯೂ ಎಲ್ಲ ಸಿಗುತ್ತದೆಯೆ?

ಸಿನಿಮಾ ಹಾಡು ಸಿಗುತ್ತದೆ, ಒಪ್ಪೋಣ. ಹೆಸರಾಂತ ಗಾಯಕರ ಭಾವಗೀತೆ, ದಾಸರ ಪದ ಸಹ ಬಹುಪಾಲು ಸಿಗುತ್ತವೆ. ಆದರೆ ನಿಮ್ಮ ಹಳೇ ಕಂಪ್ಯೂಟರಿನಲ್ಲಿ ಇರುವುದು ಅಷ್ಟೇ ಅಲ್ಲ. ಮದುವೆ ಮನೆಯಲ್ಲಿ ಸೋದರತ್ತೆ ಹಸೆಗೆ ಕರೆದ ಹಾಡನ್ನು ಯಾರೋ ನೋಕಿಯಾ ಫೋನಿನಲ್ಲಿ ಹಿಡಿದು ಕಂಪ್ಯೂಟರಿಗೆ ಹಾಕಿರುತ್ತಾರೆ. ಅಜ್ಜಿಯ ಆರತಿ ಹಾಡು, ಉರುಟಣೆಯ ಹಾಡು, ಬೀಗರನ್ನು ಆಡಿಸುವ ಹಾಡು ಇದ್ದ ಕ್ಯಾಸೆಟ್ಟನ್ನು ಟೇಪ್ ರೆಕಾರ್ಡರಿನಿಂದ ವೈರ್ ಎಳೆದು ಎಂಪಿ3 ಮಾಡಿರುತ್ತಾರೆ. ಸಂಗೀತದ ಟೀಚರ್ ಹೇಳಿಕೊಟ್ಟ ವರ್ಣ, ಭಜನಾ ಮಂಡಳಿಯ ಅಭ್ಯಾಸದ ದಿನ ರೆಕಾರ್ಡ್ ಮಾಡಿದ ದೇವರನಾಮ ಇರುತ್ತದೆ. ಇವು ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ. ಈ ಭೂಮಿಯ ಮೇಲೆ ಅವುಗಳ ಒಂದೇ ಒಂದು ಪ್ರತಿ ಆ ಡಬ್ಬಿಯೊಳಗೆ, ಆಯುಧಪೂಜೆಯ ಕುಂಕುಮ ಇನ್ನೂ ಅಂಟಿಕೊಂಡಿರುವ ಆ ಸಿಪಿಯು ಒಳಗೆ ಕೂತಿದೆ.

ದಕ್ಷಿಣ ಬೆಂಗಳೂರಿನ ಮನೆಗಳಲ್ಲಿ ಇಂಥ ಸಂಗ್ರಹ ಜಾಸ್ತಿ ಎಂದೇ ನನ್ನ ಲೆಕ್ಕ. ಜಯನಗರ, ಬನಶಂಕರಿ, ಜೆ.ಪಿ. ನಗರಗಳಿಗೆ ಹಾಸನ, ಶಿವಮೊಗ್ಗ, ಮಂಗಳೂರು, ಧಾರವಾಡದ ಕಡೆಗಳಿಂದ ಬಂದು ನೆಲೆಸಿದವರು ತಮ್ಮ ಊರಿನ ಹಾಡನ್ನೂ ಜೊತೆಗೇ ತಂದರು. ಮೊದಲು ಅದು ಬಾಯಲ್ಲಿತ್ತು, ಆಮೇಲೆ ಕ್ಯಾಸೆಟ್ಟಿಗೆ ಹೋಯಿತು. ಮೈಸೂರು ಅನಂತಸ್ವಾಮಿಯವರ ಸ್ವರಸಂಯೋಜನೆಯಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದದ್ದು 1978ರಲ್ಲಿ. ಆಮೇಲೆ ಮನೆಮನೆಯ ಶೋಕೇಸಿನಲ್ಲೂ ಭಾವಗೀತೆಯ ಕ್ಯಾಸೆಟ್ಟುಗಳು ಸಾಲಾಗಿ ನಿಂತವು. 2000ದ ಹೊತ್ತಿಗೆ ಸಿಡಿ ಬಂತು, ಒಂದೇ ಸಿಡಿಯಲ್ಲಿ ನೂರು ಹಾಡು ತುಂಬಿದ ಎಂಪಿ3 ಸಿಡಿಯೂ ಬಂತು. ಅಲ್ಲಿಂದ ಎಲ್ಲ ಕಂಪ್ಯೂಟರ್ ಸೇರಿದವು. ಟೇಪ್ ಹರಿಯಿತು, ಸಿಡಿಗೆ ಗೀರು ಬಿತ್ತು. ಉಳಿದದ್ದು ಕಂಪ್ಯೂಟರಿನಲ್ಲಿದ್ದದ್ದು ಮಾತ್ರ.

ಈಗಲೇ ಯಾಕೆ ಅವಸರ?

ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಮಾಮೂಲಿ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ಮುಗಿಸಿತು. ಮುಂದಿನ ವಿಂಡೋಸ್ 11 ಹಾಕೋಣವೆಂದರೆ, ಸುಮಾರು 2017ಕ್ಕೂ ಮುಂಚಿನ ಬಹುತೇಕ ಕಂಪ್ಯೂಟರುಗಳು ಅದರ ಷರತ್ತಿಗೆ ಹೊಂದುವುದಿಲ್ಲ. ಹಾಗಾಗಿ ಚೆನ್ನಾಗಿಯೇ ಓಡುತ್ತಿದ್ದ ಎಷ್ಟೋ ಲ್ಯಾಪ್‌ಟಾಪುಗಳು ಈಗ ಮನೆಯಿಂದ ಹೊರಬೀಳುತ್ತಿವೆ. ಅವುಗಳಿಗಿಂತ ಹಳೆಯವು, ಎಕ್ಸ್‌ಪಿ ಕಾಲದವು, ಮಂಚದ ಕೆಳಗೋ ಅಟ್ಟದ ಮೇಲೋ ಕೂತಿವೆ. ದೀಪಾವಳಿಯ ಹಿಂದಿನ ವಾರ ಮನೆ ಗುಡಿಸಿ ಸಾರಿಸುವಾಗ ಯಾರಾದರೂ ಒಬ್ಬರು ‘ಇದು ಇನ್ನೂ ಯಾಕೆ ಇಟ್ಕೊಂಡಿದ್ದೀವಿ?’ ಅಂದರೆ ಸಾಕು, ಮಧ್ಯಾಹ್ನದೊಳಗೆ ಗುಜರಿಯವನ ಗಾಡಿ ಹತ್ತಿರುತ್ತದೆ.

ಇಂಥ ಮಾತುಕತೆ ಯಾವ ಮನೆಯಲ್ಲಿ ಬೇಕಾದರೂ ನಡೆಯಬಹುದು.

‘ಅತ್ತೆ, ನಿಮ್ಮ ತಾಯಿ ಹಾಡಿದ್ದು ರೆಕಾರ್ಡ್ ಇತ್ತಲ್ಲ, ತೊಟ್ಟಿಲ ಹಾಡು? ನಾಮಕರಣಕ್ಕೆ ಹಾಕೋಣ ಅಂತ.’

‘ಕಂಪ್ಯೂಟರಲ್ಲಿ ಇತ್ತು ಕಣಮ್ಮ.’

‘ಯಾವ ಕಂಪ್ಯೂಟರಲ್ಲಿ?’

ಅತ್ತೆ ಸುಮ್ಮನಾಗುತ್ತಾರೆ. ಆ ಕಂಪ್ಯೂಟರ್ ಹೋಗಿ ನಾಲ್ಕು ವರ್ಷವಾಯಿತು.

ಇದಕ್ಕೆ ಬೇಕಾದ ಖರ್ಚು ಒಂದು ಪೆನ್ ಡ್ರೈವ್, ಬೇಕಾದ ಸಮಯ ಒಂದು ಮಧ್ಯಾಹ್ನ. ‘ಇದೆಲ್ಲ ನನಗೆಲ್ಲಿ ಬರುತ್ತೆ’ ಎನ್ನಬೇಡಿ. ಮಕ್ಕಳು ಬಿಡುವು ಮಾಡಿಕೊಂಡು ಬರಲಿ ಎಂದು ಕಾಯಲೂ ಬೇಡಿ. ಅವರು ಬರುವುದು ಹಬ್ಬಕ್ಕೆ, ಹಬ್ಬದ ದಿನ ಕಂಪ್ಯೂಟರ್ ಮುಂದೆ ಯಾರೂ ಕೂರುವುದಿಲ್ಲ. ಹಳೇ ಕಂಪ್ಯೂಟರಿಗೆ ಪಾಸ್‌ವರ್ಡ್ ಇದ್ದರೆ ಅದನ್ನು ಮಾತ್ರ ಇವತ್ತೇ ಕೇಳಿ ಕ್ಯಾಲೆಂಡರ್ ಹಿಂದೆ ಬರೆದಿಟ್ಟುಕೊಳ್ಳಿ.

ಎಷ್ಟು ದೊಡ್ಡದು ಬೇಕು?

ಲೆಕ್ಕ ಸುಲಭ. ಸಾಮಾನ್ಯ ಗುಣಮಟ್ಟದ ಎಂಪಿ3 ಹಾಡು ನಿಮಿಷಕ್ಕೆ ಹೆಚ್ಚುಕಮ್ಮಿ 1 ಎಂಬಿ ಜಾಗ ತಿನ್ನುತ್ತದೆ. ಐದು ನಿಮಿಷದ ಹಾಡಿಗೆ 5 ಎಂಬಿ, ಸಾವಿರ ಹಾಡಿಗೆ 5 ಜಿಬಿ. ಕ್ಯಾಸೆಟ್‌ನಿಂದ ಇಳಿಸಿ ‘ವೇವ್’ ರೂಪದಲ್ಲೇ ಬಿಟ್ಟಿದ್ದರೆ ಮಾತ್ರ ಅದು ಹೊಟ್ಟೆಬಾಕ, ನಿಮಿಷಕ್ಕೆ 10 ಎಂಬಿ. ಒಂದು ಗಂಟೆಯ ಕ್ಯಾಸೆಟ್ಟಿಗೆ 600 ಎಂಬಿ ಬೇಕು. ಆದರೂ ಸಾಮಾನ್ಯ ಸಂಸಾರದ ಹಾಡುಗಳಿಗೆ 32 ಜಿಬಿಯ ಪೆನ್ ಡ್ರೈವ್ ಧಾರಾಳ. (ಅಂದ ಹಾಗೆ, 2000ನೇ ಇಸವಿಯ ಕೊನೆಗೆ ಐಬಿಎಂ ಮಾರಿದ ಪೆನ್ ಡ್ರೈವ್‌ನ ಜಾಗ ಬರೀ 8 ಎಂಬಿ. ಒಂದು ಹಾಡು ಹಾಕಿದರೆ ಎರಡನೆಯದಕ್ಕೆ ತಿಣುಕಾಟ!)

32 ಜಿಬಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಆ ಅಳತೆಯವರೆಗಿನವು ಸಾಮಾನ್ಯವಾಗಿ ಫ್ಯಾಟ್32 ಎಂಬ ಹಳೇ ಪದ್ಧತಿಯಲ್ಲಿ ಸಿದ್ಧವಾಗಿ ಬರುತ್ತವೆ. ಇದನ್ನು ಎಕ್ಸ್‌ಪಿಯೂ ಓದುತ್ತದೆ, ಹೊಸ ಲ್ಯಾಪ್‌ಟಾಪೂ ಓದುತ್ತದೆ, ಮಗಳ ಮ್ಯಾಕ್ ಕೂಡ ಓದುತ್ತದೆ, ಕಾರಿನ ಸ್ಟೀರಿಯೊ ಕೂಡ ಓದುತ್ತದೆ. 64 ಜಿಬಿ ಮತ್ತು ಮೇಲಿನವು ಎಕ್ಸ್‌ಫ್ಯಾಟ್ ಎಂಬ ಇನ್ನೊಂದು ಪದ್ಧತಿಯವು. ಅವನ್ನು ಹಳೇ ಎಕ್ಸ್‌ಪಿಗೆ ಚುಚ್ಚಿದರೆ ‘ಇದನ್ನು ಫಾರ್ಮ್ಯಾಟ್ ಮಾಡಬೇಕು’ ಎಂದು ಕೇಳಬಹುದು. ಪೆನ್ ಡ್ರೈವ್‌ನಲ್ಲಿ ಈಗಾಗಲೇ ಏನಾದರೂ ಇದ್ದರೆ ಆ ಪ್ರಶ್ನೆಗೆ ‘ಹೂಂ’ ಅನ್ನಬೇಡಿ. ಫಾರ್ಮ್ಯಾಟ್ ಎಂದರೆ ಹಲಗೆ ಒರೆಸಿದ ಹಾಗೆ, ಇದ್ದದ್ದೆಲ್ಲ ಹೋಗುತ್ತದೆ. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡದಾದ ಒಂದೇ ಫೈಲ್ ಹಿಡಿಸುವುದಿಲ್ಲ. ಮದುವೆಯ ವಿಡಿಯೊಗೆ ಇದು ತೊಡಕು, ಹಾಡಿಗೆ ಚಿಂತೆಯಿಲ್ಲ.

ಕೊಳ್ಳುವಾಗ ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ಮುನ್ನೂರು ರೂಪಾಯಿಗೆ ‘1 ಟಿಬಿ’ ಎಂದು ಬರೆದದ್ದು ಸಿಕ್ಕರೆ ಹಿಗ್ಗಬೇಡಿ. ಒಳಗೆ ಇರುವುದು ಎಂಟೋ ಹದಿನಾರೋ ಜಿಬಿ, ಕಂಪ್ಯೂಟರಿಗೆ ಮಾತ್ರ ದೊಡ್ಡ ಲೆಕ್ಕ ತೋರಿಸುವಂತೆ ಮಾಡಿರುತ್ತಾರೆ. ನೀವು ತುಂಬಿಸುತ್ತಲೇ ಹೋಗುತ್ತೀರಿ, ಹೆಸರು ಎಲ್ಲ ಕಾಣುತ್ತವೆ, ಆದರೆ ಹಾಡು ಒತ್ತಿದರೆ ದನಿ ಹೊರಡುವುದಿಲ್ಲ.

ಹೊಸ ಲ್ಯಾಪ್‌ಟಾಪಿನಲ್ಲಿ ದೊಡ್ಡ ಯುಎಸ್‌ಬಿ ಕಿಂಡಿಯೇ ಇಲ್ಲದೆ, ಫೋನ್ ಚಾರ್ಜರಿನಂಥ ಸಣ್ಣ ಟೈಪ್-ಸಿ ಕಿಂಡಿ ಮಾತ್ರ ಇದ್ದರೆ? ಎರಡೂ ತುದಿಗೆ ಎರಡು ಬಗೆಯ ಮೂತಿ ಇರುವ ಪೆನ್ ಡ್ರೈವ್ ಸಿಗುತ್ತದೆ, ಅದನ್ನೇ ಕೇಳಿ. ಮುಂದೆ ಫೋನಿಗೆ ನೇರವಾಗಿ ಹಾಕಲೂ ಬರುತ್ತದೆ.

ಹಾಡು ಎಲ್ಲಿ ಅಡಗಿದೆ?

ಮನೆ ಬದಲಾಯಿಸುವಾಗ ಕಪಾಟು ಮಾತ್ರ ನೋಡಿದರೆ ಆದೀತೆ? ಅಟ್ಟ, ಮಂಚದ ಕೆಳಗೆ ಎಲ್ಲ ನೋಡಬೇಕು. ಕಂಪ್ಯೂಟರಿನಲ್ಲೂ ಹಾಗೇ. ಎಕ್ಸ್‌ಪಿಯಲ್ಲಿ ‘ಮೈ ಡಾಕ್ಯುಮೆಂಟ್ಸ್’ ಒಳಗೆ ‘ಮೈ ಮ್ಯೂಸಿಕ್’ ಇರುತ್ತದೆ. ಆಮೇಲಿನ ವಿಂಡೋಸ್‌ಗಳಲ್ಲಿ ಬರೀ ‘ಮ್ಯೂಸಿಕ್’. ಆದರೆ ನಮ್ಮ ಜನ ಹಾಡನ್ನು ಅಲ್ಲೇ ಇಟ್ಟಿರುತ್ತಾರೆ ಎಂಬ ಖಾತ್ರಿಯಿಲ್ಲ. ಡೆಸ್ಕ್‌ಟಾಪಿನ ಮೇಲೆ ‘ಹೊಸ ಫೋಲ್ಡರ್’, ‘ಹೊಸ ಫೋಲ್ಡರ್ 2’ ಎಂದು ಸಾಲು ಬಿದ್ದಿರುತ್ತವೆ. ಡಿ ಡ್ರೈವ್‌ನಲ್ಲಿ ‘ಅಮ್ಮ’ ಎಂದೊಂದು ಇರುತ್ತದೆ. ಡೌನ್‌ಲೋಡ್ಸ್‌ನಲ್ಲಿ ಒಂದಷ್ಟು, ಹಳೇ ಫೋನಿನಿಂದ ಇಳಿಸಿದ್ದು ಇನ್ನೆಲ್ಲೋ.

ಹುಡುಕಲು ಒಂದು ಉಪಾಯವಿದೆ. ‘ಮೈ ಕಂಪ್ಯೂಟರ್’ ತೆರೆದು, ಹುಡುಕುವ ಜಾಗದಲ್ಲಿ ನಕ್ಷತ್ರದ ಗುರುತು, ಒಂದು ಚುಕ್ಕಿ, ಪಕ್ಕದಲ್ಲೇ ಇಂಗ್ಲಿಷಿನಲ್ಲಿ ಎಂಪಿ3 ಎಂದು ಹೊಡೆಯಿರಿ. ಕಂಪ್ಯೂಟರಿನ ಯಾವ ಮೂಲೆಯಲ್ಲಿದ್ದರೂ ಎಂಪಿ3 ಹಾಡುಗಳ ಪಟ್ಟಿ ಬರುತ್ತದೆ. ಅದೇ ರೀತಿ ಡಬ್ಲ್ಯುಎಂಎ, ಡಬ್ಲ್ಯುಎವಿ, ಎಂ4ಎ ಎಂದು ಒಂದೊಂದಾಗಿ ಹುಡುಕಿ. ಕೊನೆಗೆ ಎಎಂಆರ್ ಎಂದು ಹುಡುಕುವುದನ್ನು ದಯವಿಟ್ಟು ಮರೆಯಬೇಡಿ. ಹಳೇ ನೋಕಿಯಾದಂಥ ಫೋನುಗಳು ದನಿ ಹಿಡಿಯುತ್ತಿದ್ದದ್ದು ಆ ರೂಪದಲ್ಲಿ. ಮೂರು ನಿಮಿಷದ ದನಿಗೆ ಮುನ್ನೂರು ಕೆಬಿಯೂ ಆಗುವುದಿಲ್ಲ, ಅಷ್ಟು ಪುಟಾಣಿ. ವಿಂಡೋಸಿನ ಹಳೇ ಪ್ಲೇಯರಿನಲ್ಲಿ ಅದು ಹಾಡುವುದೂ ಇಲ್ಲ. ಹಾಗಾಗಿ ‘ಕೆಟ್ಟುಹೋಗಿದೆ’ ಎಂದು ಅಳಿಸಿಬಿಡುವವರೇ ಹೆಚ್ಚು. ವಿಎಲ್‌ಸಿ ಎಂಬ ಉಚಿತ ಪ್ಲೇಯರ್ ಹಾಕಿಕೊಂಡು ಒತ್ತಿ ನೋಡಿ. ಅಜ್ಜಿಯ ದನಿ ಸಿಗುವುದಾದರೆ ಬಹುಶಃ ಅಲ್ಲೇ.

ಇಳಿಸಿಕೊಳ್ಳುವ ಬಗೆ

ಪೆನ್ ಡ್ರೈವ್ ಚುಚ್ಚಿ. ‘ಮೈ ಕಂಪ್ಯೂಟರ್’ ಒಳಗೆ ಇ ಅಥವಾ ಎಫ್ ಅಕ್ಷರದ ಹೊಸ ಡ್ರೈವ್ ಕಾಣುತ್ತದೆ. ಹಾಡಿನ ಫೋಲ್ಡರ್ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಕಾಪಿ’ ಎನ್ನಿ. ಪೆನ್ ಡ್ರೈವ್ ತೆರೆದು ಖಾಲಿ ಜಾಗದಲ್ಲಿ ಮತ್ತೆ ಬಲಗುಂಡಿ ಒತ್ತಿ ‘ಪೇಸ್ಟ್’ ಎನ್ನಿ. ಮುಖ್ಯ ಕೆಲಸ ಇಷ್ಟೇ!

‘ಕಾಪಿ’ಯ ಪಕ್ಕದಲ್ಲೇ ‘ಕಟ್’ ಎಂದೂ ಇರುತ್ತದೆ. ಅದರ ತಂಟೆಗೆ ಹೋಗಬೇಡಿ. ಕಾಪಿ ಎಂದರೆ ಪಕ್ಕದ ಮನೆಯವರಿಗೆ ಹೆಪ್ಪಿಗೆ ಮೊಸರು ಕೊಟ್ಟ ಹಾಗೆ, ನಮ್ಮದು ನಮ್ಮಲ್ಲೇ ಇರುತ್ತದೆ. ಕಟ್ ಎಂದರೆ ಪಾತ್ರೆಯನ್ನೇ ಎತ್ತಿಕೊಟ್ಟ ಹಾಗೆ. ದಾರಿಯಲ್ಲಿ ಏನಾದರೂ ಎಡವಟ್ಟಾದರೆ ಎರಡೂ ಕಡೆ ಇಲ್ಲ. ಹೊಸ ಕಂಪ್ಯೂಟರಿನಲ್ಲಿ ಹಾಡಿಸಿ ಕೇಳುವವರೆಗೆ ಹಳೆಯದರಿಂದ ಒಂದು ಹಾಡನ್ನೂ ಅಳಿಸಕೂಡದು.

ಕಾಪಿ ಆಗುವಾಗ ಹಸಿರು ಪಟ್ಟಿ ಮೆಲ್ಲಗೆ ತುಂಬುತ್ತಾ ಹೋಗುತ್ತದೆ. ಹಳೇ ಕಂಪ್ಯೂಟರಿನ ವೇಗ ಕಮ್ಮಿ. ಸೆಕೆಂಡಿಗೆ 5 ಎಂಬಿ ಇಳಿದರೆ ಸಾವಿರ ಹಾಡಿಗೆ 17 ನಿಮಿಷ. ಕುಕ್ಕರ್ ಇಟ್ಟು ಬನ್ನಿ, ಕಾಯಿ ತುರಿದುಕೊಳ್ಳಿ, ಮಧ್ಯೆ ಎಳೆಯಬೇಡಿ. ಮುಗಿದ ಮೇಲೂ ಥಟ್ಟನೆ ಕೀಳದೆ, ಪೆನ್ ಡ್ರೈವ್ ಮೇಲೆ ಬಲಗುಂಡಿ ಒತ್ತಿ ‘ಎಜೆಕ್ಟ್’ ಎಂದು ಹೇಳಿ, ಆಮೇಲೆ ತೆಗೆಯಿರಿ. ಪಟ್ಟಿ ತುಂಬಿದಂತೆ ಕಂಡರೂ ಕೊನೆಯ ಒಂದೆರಡು ಹಾಡು ಇನ್ನೂ ಬರೆಯುವ ಹಂತದಲ್ಲಿರಬಹುದು.

ಒಂದು ಕೆಬಿಯ ಹಾಡು!

ಇನ್ನು ಮೋಸ ಹೋಗುವ ಜಾಗಗಳು. ಎಷ್ಟೋ ಮಂದಿ ಪೆನ್ ಡ್ರೈವ್ ಒಯ್ದು ಹೊಸ ಕಂಪ್ಯೂಟರಿಗೆ ಹಾಕಿ, ಹೆಸರು ಕಾಣುತ್ತದೆ ಹಾಡು ಬರುತ್ತಿಲ್ಲ ಎಂದು ತಲೆ ಮೇಲೆ ಕೈ ಇಟ್ಟುಕೊಳ್ಳುವುದು ಈ ಕಾರಣಗಳಿಗೆ.

ಡೆಸ್ಕ್‌ಟಾಪಿನ ಮೇಲೆ ಮೂಲೆಯಲ್ಲಿ ಸಣ್ಣ ಬಾಣದ ಗುರುತಿರುವ ಚಿತ್ರ ಕಂಡಿರುತ್ತೀರಿ. ಅದಕ್ಕೆ ಶಾರ್ಟ್‌ಕಟ್ ಎನ್ನುತ್ತಾರೆ. ಅದು ಹಾಡಲ್ಲ, ಹಾಡಿನ ಮನೆಗೆ ದಾರಿ ತೋರಿಸುವ ಬೋರ್ಡು. ಬೋರ್ಡನ್ನು ಕಿತ್ತು ತಂದರೆ ಮನೆ ಬಂದೀತೆ? ವಿನ್‌ಆ್ಯಂಪ್‌ನಲ್ಲಿ ಮಾಡಿಟ್ಟ ಪ್ಲೇಲಿಸ್ಟ್ ಕೂಡ ಅಷ್ಟೇ. ‘ಅಮ್ಮನ ಇಷ್ಟದ ಹಾಡುಗಳು’ ಎಂಬ ಆ ಫೈಲಿನಲ್ಲಿ ಇರುವುದು ಬರೀ ವಿಳಾಸಗಳ ಪಟ್ಟಿ. ಪಟ್ಟಿಯೂ ಬೇಕಾದರೆ ತನ್ನಿ, ಹಾಡುಗಳನ್ನು ಮಾತ್ರ ಬೇರೆಯಾಗಿ ತರಲೇಬೇಕು.

ಸಿಡಿಗಳದ್ದು ಇನ್ನೊಂದು ಕಥೆ. ಕೊಂಡು ತಂದ ದಾಸರ ಪದದ ಆಡಿಯೊ ಸಿಡಿಯನ್ನು ಕಂಪ್ಯೂಟರಿಗೆ ಹಾಕಿದಾಗ ‘ಟ್ರ್ಯಾಕ್ 01’, ‘ಟ್ರ್ಯಾಕ್ 02’ ಎಂದು ಸಿಡಿಎ ಎಂಬ ಬಾಲದೊಂದಿಗೆ ಕಾಣುತ್ತವೆ. ಯಾರೋ ಅವನ್ನು ಹಾಗೇ ಎಳೆದು ಕಂಪ್ಯೂಟರಿಗೆ ಹಾಕಿ, ಹಾಡು ಬಂತು ಎಂದುಕೊಂಡು ಸಿಡಿಯನ್ನು ಯಾರಿಗೋ ಕೊಟ್ಟಿರುತ್ತಾರೆ. ಒಂದೊಂದರ ಗಾತ್ರ 44 ಬೈಟ್ ಮಾತ್ರ, ಕಂಪ್ಯೂಟರ್ ಅದನ್ನು 1 ಕೆಬಿ ಎಂದು ತೋರಿಸುತ್ತದೆ. ಅದರಲ್ಲಿ ಒಂದು ಸ್ವರವೂ ಇಲ್ಲ. ಸಿಡಿ ಇನ್ನೂ ಕೈಯಲ್ಲಿದ್ದರೆ ಮೀಡಿಯಾ ಪ್ಲೇಯರಿನಲ್ಲಿ ‘ರಿಪ್’ ಎಂಬುದನ್ನು ಒತ್ತಿ, ಎಂಪಿ3 ಎಂದು ಆರಿಸಿ ಈಗಲೇ ಇಳಿಸಿಕೊಳ್ಳಿ. ಹೊಸ ಲ್ಯಾಪ್‌ಟಾಪುಗಳಲ್ಲಿ ಸಿಡಿ ಹಾಕುವ ಜಾಗವೇ ಸಾಮಾನ್ಯವಾಗಿ ಇರುವುದಿಲ್ಲ. ಈ ಕೆಲಸಕ್ಕೆ ಹಳೇ ಕಂಪ್ಯೂಟರೇ ಬೇಕು.

ಹಾಗಾದರೆ ಹಾಡೋ ಬೋರ್ಡೋ ಎಂದು ತಿಳಿಯುವುದು ಹೇಗೆ? ಗಾತ್ರ ನೋಡಿ. ಹಾಡಾದರೆ ಎಂಬಿಗಳಲ್ಲಿ ಇರುತ್ತದೆ, ಫೋನಿನಲ್ಲಿ ಹಿಡಿದ ದನಿ ನೂರಾರು ಕೆಬಿ. ಒಂದೆರಡು ಕೆಬಿ ಎಂದಿದ್ದರೆ ಅದು ಹಾಡಲ್ಲ.

ಟ್ರ್ಯಾಕ್ 01ರ ಪೇಚು

ಇದು ಎಲ್ಲಕ್ಕಿಂತ ಅಪಾಯದ್ದು, ಯಾಕೆಂದರೆ ಇಲ್ಲಿ ಹಾಡು ನಿಮ್ಮ ಕೈಯಾರೆ ಹೋಗುತ್ತದೆ.

ಹತ್ತು ಸಿಡಿಯನ್ನು ಹತ್ತು ಫೋಲ್ಡರಿಗೆ ಇಳಿಸಿದ್ದೀರಿ. ಹತ್ತರಲ್ಲೂ ಮೊದಲ ಹಾಡಿನ ಹೆಸರು ‘ಟ್ರ್ಯಾಕ್ 01’. ಎಲ್ಲವೂ ಒಂದೇ ಕಡೆ ಇರಲಿ ಎಂದು ಹಾಡುಗಳನ್ನು ಮಾತ್ರ ಆರಿಸಿ ಪೆನ್ ಡ್ರೈವ್‌ಗೆ ಸುರಿಯುತ್ತೀರಿ. ಎರಡನೇ ಫೋಲ್ಡರಿನ ಸರದಿ ಬಂದಾಗ ಕಂಪ್ಯೂಟರ್ ಕೇಳುತ್ತದೆ: ಈ ಹೆಸರಿನದು ಆಗಲೇ ಇದೆ, ಬದಲಾಯಿಸಲೆ? ಬೇಸರ ಬಂದು ‘ಎಲ್ಲದಕ್ಕೂ ಹೌದು’ ಒತ್ತುತ್ತೀರಿ. ಮುಗಿಯಿತು! ವಿದ್ಯಾಭೂಷಣರ ಟ್ರ್ಯಾಕ್ 01ರ ಮೇಲೆ ಭಜನಾ ಮಂಡಳಿಯ ಟ್ರ್ಯಾಕ್ 01 ಬಂದು ಕೂರುತ್ತದೆ. ಕೊನೆಗೆ ಹತ್ತು ಸಿಡಿಯಲ್ಲಿ ಉಳಿಯುವುದು ಒಂದು ಸಿಡಿಯಷ್ಟು ಹಾಡು. ಹಳೇ ಕಂಪ್ಯೂಟರಿನಲ್ಲಿ ಮೂಲ ಇರುವವರೆಗೆ ಪರವಾಗಿಲ್ಲ, ಮತ್ತೆ ಇಳಿಸಬಹುದು. ಅದು ಗುಜರಿಗೆ ಹೋದ ಮೇಲೆ ಗೊತ್ತಾದರೆ?

ಆದ್ದರಿಂದ ಫೋಲ್ಡರ್ ಒಡೆಯಬೇಡಿ. ಫೋಲ್ಡರನ್ನು ಇಡಿಯಾಗಿ ಎತ್ತಿ, ಇಡಿಯಾಗಿ ಇಡಿ. ಫೋಲ್ಡರುಗಳ ಹೆಸರೇ ಒಂದಾಗಿದ್ದರೆ ಮೊದಲು ಹೆಸರು ಬದಲಿಸಿ: ‘ಮದುವೆ ಹಾಡು’, ‘ಪಾಠ’, ‘ದಾಸರ ಪದ’. ಕಂಪ್ಯೂಟರ್ ಆ ಪ್ರಶ್ನೆ ಕೇಳಿತೋ, ಅಲ್ಲಿಗೇ ನಿಲ್ಲಿಸಿ ‘ಬೇಡ’ ಎನ್ನಿ.

ಮುಗಿದ ಮೇಲೆ ಲೆಕ್ಕ ಒಪ್ಪಿಸಿಕೊಳ್ಳುವುದು ಹೇಗೆ ಗೊತ್ತೆ? ಹಳೇ ಕಂಪ್ಯೂಟರಿನ ಫೋಲ್ಡರ್ ಮೇಲೆ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ನೋಡಿ. ಇಷ್ಟು ಫೈಲ್, ಇಷ್ಟು ಗಾತ್ರ ಎಂದು ತೋರಿಸುತ್ತದೆ. ಪೆನ್ ಡ್ರೈವ್‌ನಲ್ಲಿರುವ ಅದೇ ಫೋಲ್ಡರಿನದ್ದನ್ನೂ ನೋಡಿ. ಫೈಲುಗಳ ಸಂಖ್ಯೆ ಒಂದೇ ಇರಬೇಕು. ಮದುವೆ ಮನೆಯಲ್ಲಿ ಪಾತ್ರೆ ಎಣಿಸಿ ವಾಪಸ್ ಕೊಡುತ್ತೇವಲ್ಲ, ಅಷ್ಟೇ ಕೆಲಸ.

ಹೊಸ ಕಂಪ್ಯೂಟರಿಗೆ

ಹೊಸದರಲ್ಲಿ ಇದೇ ಕೆಲಸ ತಿರುಗಾಮುರುಗಾ. ಪೆನ್ ಡ್ರೈವ್‌ನಿಂದ ಕಾಪಿ, ‘ಮ್ಯೂಸಿಕ್’ ಫೋಲ್ಡರಿಗೆ ಪೇಸ್ಟ್. ಪೆನ್ ಡ್ರೈವ್‌ನಲ್ಲಿ ಇದ್ದಂತೆಯೇ ಒತ್ತಿ ಕೇಳಿ ‘ಬಂತಲ್ಲ’ ಎಂದು ಸಮಾಧಾನಪಟ್ಟುಕೊಳ್ಳಬೇಡಿ, ಕಿತ್ತ ತಕ್ಷಣ ಹಾಡೂ ಹೋಗುತ್ತದೆ. ಪೇಸ್ಟ್ ಮಾಡಿ, ಪೆನ್ ಡ್ರೈವ್ ತೆಗೆದು, ಆಮೇಲೆ ಹಾಡಿಸಿ ನೋಡಿ. ಮೊದಲ ಹಾಡು ಮಾತ್ರವಲ್ಲ, ನಡುವಿನದೊಂದು, ಕೊನೆಯದೊಂದು. ಮನೆಯಲ್ಲಿ ರೆಕಾರ್ಡ್ ಮಾಡಿದವನ್ನಂತೂ ಒಂದೊಂದನ್ನೂ ಕೇಳಿ.

ಕೆಲವು ಹಾಡು ಗಾತ್ರ ಸರಿಯಿದ್ದರೂ ಹಾಡುವುದಿಲ್ಲ. ಎಕ್ಸ್‌ಪಿ ಕಾಲದ ಮೀಡಿಯಾ ಪ್ಲೇಯರಿನಲ್ಲಿ ಸಿಡಿ ಇಳಿಸುವಾಗ ‘ನಕಲು ರಕ್ಷಣೆ’ಗೆ ಟಿಕ್ ಬಿದ್ದಿದ್ದರೆ ಆ ಡಬ್ಲ್ಯುಎಂಎ ಹಾಡು ಬೇರೆ ಯಂತ್ರದಲ್ಲಿ ಬಾಯಿ ಬಿಡುವುದಿಲ್ಲ. ಅದಕ್ಕೆ ಮದ್ದು ಸಿಡಿಯನ್ನು ಮತ್ತೆ ಎಂಪಿ3 ಆಗಿ ಇಳಿಸುವುದು. ಇನ್ನು ಹಾಡಿನ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಂಡರೆ ಹೆದರಬೇಡಿ. ನುಡಿ, ಬರಹದ ಹಳೇ ಫಾಂಟುಗಳಲ್ಲಿ ಕನ್ನಡ ಹೊಡೆದಿದ್ದರೆ ಹೊಸ ಯಂತ್ರಕ್ಕೆ ಅದು ತಿಳಿಯದು. ಹಾಡಿಗೆ ಏನೂ ಆಗಿಲ್ಲ, ಕೇಳಿ ಹೆಸರು ಹೊಸದಾಗಿ ಹೊಡೆಯಿರಿ.

ಮತ್ತೊಂದು ಮಾತು, ವೈರಸ್. ನಿಮ್ಮ ಪೆನ್ ಡ್ರೈವ್ ಮಕ್ಕಳ ಪ್ರಾಜೆಕ್ಟ್ ಪ್ರಿಂಟ್ ಹಾಕಿಸಲು ಜೆರಾಕ್ಸ್ ಅಂಗಡಿಗೆಲ್ಲ ಹೋಗಿ ಬಂದದ್ದಾದರೆ ಹಾಡಿನ ಕೆಲಸಕ್ಕೆ ಅದು ಬೇಡ, ಹೊಸದನ್ನೇ ಬಳಸಿ. ಪೆನ್ ಡ್ರೈವ್‌ನಲ್ಲಿ ಫೋಲ್ಡರೆಲ್ಲ ಮಾಯವಾಗಿ ಅದೇ ಹೆಸರಿನ ಬಾಣದ ಗುರುತುಗಳು ಮಾತ್ರ ಉಳಿದಿದ್ದರೆ ಅದು ವೈರಸ್ ಕೆಲಸ. ಆ ಬಾಣಗಳ ಮೇಲೆ ಒತ್ತಬೇಡಿ. ಇಂಥದ್ದರಲ್ಲಿ ಹಾಡುಗಳು ಸಾಮಾನ್ಯವಾಗಿ ಹೋಗಿರುವುದಿಲ್ಲ, ಮರೆಮಾಡಿರುತ್ತದೆ ಅಷ್ಟೆ. ಆ್ಯಂಟಿವೈರಸ್ ಓಡಿಸಿ, ‘ಮರೆಯಲ್ಲಿರುವ ಫೈಲ್ ತೋರಿಸು’ ಎಂಬ ಆಯ್ಕೆ ಕೊಟ್ಟರೆ ಕಾಣಿಸುತ್ತವೆ.

ಮಗಳು ಬಿಟಿಎಂ ಲೇಔಟಿನಲ್ಲಿದ್ದು, ‘ಅಮ್ಮ, ಇಂಟರ್ನೆಟ್ಟಲ್ಲೇ ಕಳಿಸಿಬಿಡು’ ಅಂದರೆ ಒಂದು ಲೆಕ್ಕ ಹೇಳಿ. ಸೆಕೆಂಡಿಗೆ 5 ಮೆಗಾಬಿಟ್ ಏರಿಸುವ ಸಂಪರ್ಕದಲ್ಲಿ 10 ಜಿಬಿ ಕಳಿಸಲು ನಾಲ್ಕೂವರೆ ಗಂಟೆ ಬೇಕು. 2025ರ ಆಗಸ್ಟಿನಲ್ಲಿ ಹಳದಿ ಮೆಟ್ರೊ ಶುರುವಾಗಿದೆಯಲ್ಲ, ಬನಶಂಕರಿಯಲ್ಲಿ ಹತ್ತಿ ಆರ್.ವಿ. ರಸ್ತೆಯಲ್ಲಿ ಬದಲಾಯಿಸಿದರೆ ಅಲ್ಲಿಂದ ಮೂರನೇ ನಿಲ್ದಾಣವೇ ಬಿಟಿಎಂ. ಪೆನ್ ಡ್ರೈವ್ ಜೊತೆಗೆ ಚಟ್ನಿಪುಡಿಯೂ ಹೋಗುತ್ತದೆ!

ಕೊಂಡ ಸಿಡಿಯ ಹಾಡನ್ನು ಮನೆಮಂದಿ ಕೇಳಲು ಹೀಗೆ ಸಾಗಿಸುವುದು ಒಂದು. ನಕಲು ಮಾಡಿ ಮಾರುವುದು, ಊರಿಗೆಲ್ಲ ಹಂಚುವುದು ಇನ್ನೊಂದು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಿಕೆಯ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಆ ಲೆಕ್ಕದಲ್ಲಿ 1978ರ ಕ್ಯಾಸೆಟ್ಟಿನದು 2038ರ ಕೊನೆಯವರೆಗೆ. ನಿಮ್ಮ ಅಜ್ಜಿಯ ದನಿಗೆ ಈ ಚಿಂತೆ ಇಲ್ಲ, ನೆಂಟರಿಗೆಲ್ಲ ಧಾರಾಳವಾಗಿ ಕೊಡಿ.

ಪೆನ್ ಡ್ರೈವ್ ಗಾಡಿ ಮಾತ್ರ

ಹೊಸದಕ್ಕೆ ಹಾಡು ಹೋದ ಮೇಲೆ ಪೆನ್ ಡ್ರೈವ್ ಏನು ಮಾಡಬೇಕು? ಬೀರುವಿನಲ್ಲಿ ಬಳೆಪೆಟ್ಟಿಗೆಯ ಪಕ್ಕ ಇಟ್ಟು, ‘ಭದ್ರವಾಗಿದೆ’ ಎಂದು ನಿಶ್ಚಿಂತೆಯಿಂದ ಇರುವವರಿದ್ದಾರೆ. ಅದರೊಳಗೆ ಹಾಡು ನಿಂತಿರುವುದು ಸಣ್ಣ ಸಣ್ಣ ವಿದ್ಯುತ್ ಕಣಗಳ ರೂಪದಲ್ಲಿ. ವರ್ಷಗಟ್ಟಲೆ ಕರೆಂಟ್ ಕಾಣದೆ ಬಿದ್ದಿದ್ದರೆ ಅವು ಮೆಲ್ಲಗೆ ಸೋರಿಹೋಗಬಹುದು. ಸಾಮಾನು ಸಾಗಿಸಲು ಅದು ಒಳ್ಳೇ ಗಾಡಿ. ಆದರೆ ಗಾಡಿಯಲ್ಲೇ ಸಂಸಾರ ಹೂಡಲಾಗುತ್ತದೆಯೆ? ಹೊಸ ಕಂಪ್ಯೂಟರಿನಲ್ಲೊಂದು ಪ್ರತಿ ಇರಲಿ. ಹೊರಗಿನ ಹಾರ್ಡ್ ಡಿಸ್ಕ್ ಇದ್ದರೆ ಅದರಲ್ಲೊಂದು. ಮನೆಯವರು ಹಾಡಿದ್ದನ್ನು ಮಾತ್ರ ಗೂಗಲ್ ಡ್ರೈವ್‌ಗೂ ಹಾಕಿಡಿ. ಅಲ್ಲಿ 15 ಜಿಬಿ ಉಚಿತ, ಮನೆಯ ದನಿಗಳಿಗೆ ಅದು ಬೇಕಾದಷ್ಟಾಯಿತು.

ಹಳೇ ಕಂಪ್ಯೂಟರ್ ಆನೇ ಆಗುತ್ತಿಲ್ಲ ಎನ್ನುವವರೂ ಇರುತ್ತೀರಿ. ಆಗಲೂ ಆಸೆ ಬಿಡಬೇಡಿ. ಬಹಳ ಸಲ ಕೆಟ್ಟಿರುವುದು ಪವರ್ ಸಪ್ಲೈಯೋ ಮದರ್‌ಬೋರ್ಡೋ ಆಗಿರುತ್ತದೆ. ಹಾಡಿರುವುದು ಹಾರ್ಡ್ ಡಿಸ್ಕ್ ಎಂಬ ಅಂಗೈಯಗಲದ ಲೋಹದ ಡಬ್ಬಿಯಲ್ಲಿ. ರಿಪೇರಿಯವರಿಂದ ಅದನ್ನು ಬಿಚ್ಚಿಸಿಕೊಂಡು, ಯುಎಸ್‌ಬಿಗೆ ಸೇರಿಸುವ ಕೇಸ್ ಅಥವಾ ಕೇಬಲ್ ಕೊಂಡರೆ ದೊಡ್ಡ ಪೆನ್ ಡ್ರೈವ್‌ನಂತೆಯೇ ಹೊಸ ಕಂಪ್ಯೂಟರಿಗೆ ಚುಚ್ಚಬಹುದು. 2005ಕ್ಕೆ ಮುಂಚಿನ ಡಿಸ್ಕುಗಳಲ್ಲಿ ಅಗಲವಾದ ಪಟ್ಟಿ ಕೇಬಲ್ ಇರುವುದುಂಟು, ಅಂಗಡಿಗೆ ಡಿಸ್ಕನ್ನೇ ಒಯ್ದು ತೋರಿಸಿ ಸರಿಯಾದ್ದನ್ನು ಕೇಳಿ. ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬಂದರೆ ಮಾತ್ರ ಮತ್ತೆ ಮತ್ತೆ ಆನ್ ಮಾಡದೆ, ಡೇಟಾ ತೆಗೆದುಕೊಡುವ ಅನುಭವಸ್ಥರಲ್ಲಿಗೆ ಒಯ್ಯಿರಿ. ಗುಜರಿಗೆ ಕೊಡಲೇಬೇಕೆಂದರೂ ಹಾರ್ಡ್ ಡಿಸ್ಕ್ ಮನೆಯಲ್ಲೇ ಉಳಿಯಲಿ. ಅದರಲ್ಲಿ ನಿಮ್ಮ ಹಾಡಷ್ಟೇ ಅಲ್ಲ, ಯಜಮಾನರ ಬ್ಯಾಂಕ್ ಕಾಗದವೂ ಇದೆ.

ಎಲ್ಲ ಇಳಿಸಿಯಾದ ಮೇಲೆ ಒಂದು ಸಂಜೆ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ‘ರೆಕಾರ್ಡಿಂಗ್ 003’ ಎಂದಿರುವುದನ್ನು ಹಾಡಿಸಿ, ‘ಇದು ಯಾರ ದನಿ ಅತ್ತೆ?’ ಎಂದು ಕೇಳಿ. ‘ಇದು ನಮ್ಮ ದೊಡ್ಡಮ್ಮ ಅಲ್ವೇನೇ, ಹಿಂದೆ ಸಣ್ಣಗೆ ದನಿಗೂಡಿಸ್ತಿರೋದು ನಮ್ಮಕ್ಕ’ ಎಂದು ಹೇಳಬಲ್ಲವರು ಇನ್ನು ಎಷ್ಟು ಮಂದಿ ಉಳಿದಿದ್ದಾರೆ? ಅವರು ಹೇಳಿದ್ದನ್ನು ಅಲ್ಲೇ ಫೈಲಿನ ಹೆಸರಾಗಿ ಹೊಡೆಯಿರಿ: ಯಾರು ಹಾಡಿದ್ದು, ಯಾವ ಹಾಡು, ಯಾರ ಮದುವೆ, ಯಾವ ವರ್ಷ. ಎಫ್2 ಕೀ ಒತ್ತಿದರೆ ಹೆಸರು ಬದಲಿಸಲು ಜಾಗ ತೆರೆದುಕೊಳ್ಳುತ್ತದೆ. ಕೊನೆಯ ಚುಕ್ಕಿ ಮತ್ತು ಅದರ ಮುಂದಿರುವ ಎಂಪಿ3 ಎಂಬ ಅಕ್ಷರಗಳನ್ನು ಮಾತ್ರ ಮುಟ್ಟಬೇಡಿ.